ಸಂಜೆ ನಾಲ್ಕಕ್ಕೆ ನಮ್ಮ ಮನೆಗೆ ಬೆಂಕಿ

ಊರಿನ ಜನಕ್ಕೆಲ್ಲ ಬೆಂಕಿಯಿಂದ ಪಾರಾಗುವ ಬಗೆಯನ್ನು ಕಲಿಸಲೆಂದೇ ಈ ಭೂಮಿಯ ಮೇಲೆ ಒಬ್ಬ ಗಂಡಸು ಹುಟ್ಟಿದ್ದರೆ ಅದು ನಾನೇ ಎಂದು ಮೊನ್ನೆ ಮಧ್ಯಾಹ್ನದವರೆಗೂ ನಂಬಿದ್ದೆ. ನಂಬಲು ಕಾರಣವಿತ್ತು. ನಮ್ಮ ನಗರಸಭೆಯ ತಿಂಗಳ ವಾರ್ತಾಪತ್ರವನ್ನು ಬರೆಯುವವನು ನಾನು. ಯಾವ ಬೀದಿಗೆ ಯಾವ ದಿನ ನೀರು, ಯಾವ ಚರಂಡಿಗೆ ಯಾವಾಗ ಮುಚ್ಚಳ, ಸಭೆಯಲ್ಲಿ ಯಾವ ಸದಸ್ಯರು ಯಾವ ಸದಸ್ಯರನ್ನು ಏನೆಂದು ಕರೆದರು (ಇದೊಂದನ್ನು ಅಚ್ಚು ಹಾಕುವುದಿಲ್ಲ), ಎಲ್ಲವೂ ನನ್ನ ಲೇಖನಿಯಿಂದ ಇಳಿದೇ ಮನೆಮನೆಯ ಬಾಗಿಲಡಿ ನುಸುಳಬೇಕು. ಬೀದಿಯವರು ನನ್ನನ್ನು ಕರೆಯುವುದೇ 'ಸುದ್ದಿ ಸಾರ್' ಎಂದು.

ಈ ಸಲದ ಸಭೆಯಲ್ಲಿ ಅಗ್ನಿಶಾಮಕ ಠಾಣೆಯ ಅಧಿಕಾರಿ ಎದ್ದು ನಿಂತರು. "ರಜೆ ಬಂತು ಅಂದ್ರೆ ನಮಗೆ ಎದೆ ಢವಢವ. ಮನೆ ತುಂಬ ನೆಂಟರು, ಒಂದು ಪ್ಲಗ್ಗಿಗೆ ನಾಲ್ಕು ವೈರು, ಒಲೆ ಮೇಲೆ ಪಾತ್ರೆ ಇಟ್ಟು ಹರಟೆ! ಪ್ರತಿ ಮನೆಯವರೂ ಒಂದು ಸಲ ಅಣಕು ಡ್ರಿಲ್ ಮಾಡಿ ನೋಡ್ಬೇಕು. ಬೆಂಕಿ ಅಂತ ಕೂಗಿದ್ರೆ ಯಾರು ಎಲ್ಲಿಂದ ಹೊರಗೆ ಓಡ್ತೀರಿ ಅಂತ."

ಸಭೆ ಒಪ್ಪಿತು. ನಾನು ಇಡೀ ಪುಟ ಬರೆದೆ. ಏನನ್ನೂ ಎತ್ತಿಕೊಳ್ಳದೆ ಹೊರಗೆ ಓಡಿ, ಒಂದು ಗೊತ್ತಾದ ಜಾಗದಲ್ಲಿ ಸೇರಿ, ತಲೆ ಎಣಿಸಿ, ಒಳಗೆ ಸಿಕ್ಕಿಕೊಂಡರೆ ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿಯಿಂದ ಬಟ್ಟೆ ಬೀಸಿ! ಬರೆಯುತ್ತ ಬರೆಯುತ್ತ ನನ್ನ ಎದೆಯೊಳಗೇ ಒಂದು ಸಣ್ಣ ಜ್ವಾಲೆ ಎದ್ದಿತು. 'ಬನ್ನಿ, ನಮ್ಮ ನಮ್ಮ ಮನೆಯಿಂದಲೇ ಆರಂಭಿಸೋಣ' ಎಂದು ಮುಗಿಸಿದೆ. ಹೀಗೆ ಬರೆದವನು ಆರಂಭಿಸದೆ ಕೂರಲಾದೀತೇ?

ಮನೆಯಲ್ಲಿ ಆಗ ಇದ್ದವರು ಐದು ಜನ. ನಾನು. ನನ್ನ ಅಮ್ಮ. ಕಾಲೇಜಿಗೆ ರಜೆ ಸಿಕ್ಕ ಮಗಳು. ನನ್ನ ಹೆಂಡತಿ, ಕೆಳಗಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಕೋಟು ಹೊಲಿಯುವವಳು; ಅವಳು ಹೊಲಿದ ಕೋಟು ತೊಟ್ಟರೆ ಗೂನುಬೆನ್ನೂ ನೆಟ್ಟಗಾಗುತ್ತದೆ. ಜೊತೆಗೆ ರಜೆಗೆಂದು ಬಂದ ಅವಳ ಅಣ್ಣ. ಮೂವತ್ತಾರು ವರ್ಷ ರೈಲಿನಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಕೆಲಸ ಬಿಟ್ಟರೂ ಕೊರಳಿನ ಸೀಟಿ ಬಿಟ್ಟಿಲ್ಲ. ನಮಗೆಲ್ಲ ಅವರು ಗಾರ್ಡ್ ಭಾವ.

"ರಜೆಯಲ್ಲಿ ಯಾವುದೋ ಒಂದು ದಿನ, ಹೇಳದೆ ಕೇಳದೆ, ಬೆಂಕಿ ಅಂತ ಕೂಗ್ತೀನಿ. ಎಲ್ಲರೂ ಎದುರಿನ ಮರದ ಕೆಳಗೆ ಸೇರ್ಬೇಕು," ಎಂದು ಊಟದ ಹೊತ್ತಿಗೆ ಘೋಷಿಸಿದೆ.

"ಹೇಳದೆ ಕೇಳದೆ ಕೂಗೋದು ನಿಮಗೇನು ಹೊಸದಾ?" ಎಂದಳು ಹೆಂಡತಿ.

"ಅಪ್ಪಾ, ನಾನು ಸ್ನಾನ ಮಾಡ್ತಿದ್ರೆ?" ಮಗಳು.

"ಬೆಂಕಿ ನಿನ್ನ ಸ್ನಾನ ಮುಗಿಯೋವರೆಗೂ ಕಾಯುತ್ತಾ?"

"ನನ್ನ ಸ್ನಾನಕ್ಕೆ ನೀವೇ ಕಾಯಲ್ಲ, ಇನ್ನು ಬೆಂಕಿ ಕಾಯುತ್ತಾ!"

ಅವರಾರಿಗೂ ಹೇಳದ ಒಂದು ಗುಟ್ಟು ನನ್ನಲ್ಲಿತ್ತು. ಓದುಗರೇ, ನಿಮಗೆ ಮಾತ್ರ ಹೇಳುತ್ತೇನೆ, ನಗಬೇಡಿ. ಎಲ್ಲರೂ ಹೊರಗೆ ಓಡಿದ ಮೇಲೆ ನಾನೊಬ್ಬ ಒಳಗೇ ಉಳಿಯುವುದು, ಸಿಕ್ಕಿಬಿದ್ದವನ ಪಾತ್ರ ವಹಿಸುವುದು ಎಂದು ನಿಶ್ಚಯಿಸಿದ್ದೆ. ಮೇಲುನೋಟಕ್ಕೆ ಇದು ಸುರಕ್ಷತಾ ಪರೀಕ್ಷೆ. ಒಳಗಿನ ಮಾತು ಬೇರೆ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದ ಗಂಡಸಿಗೆ ಒಮ್ಮೊಮ್ಮೆ ಒಂದು ಅನುಮಾನ ಬರುತ್ತದೆ: ನಾನು ಉರಿಯುವ ಮನೆಯೊಳಗೆ ಉಳಿದುಬಿಟ್ಟರೆ, ನನಗಾಗಿ ಯಾರಾದರೂ ಹಿಂದಕ್ಕೆ ಓಡಿ ಬರುತ್ತಾರೆಯೇ? ಉತ್ತರ ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ, ರಾತ್ರಿ ಮಗ್ಗುಲು ಬದಲಿಸುವಾಗಲೂ ಅದೇ ಯೋಚನೆ.

ಸಿದ್ಧತೆಯಲ್ಲಿ ನಾನು ಕಡಿಮೆಯವನಲ್ಲ. ಬೀದಿಯ ಅಷ್ಟೂ ಮನೆಗಳಿಗೆ ಚೀಟಿ ಹಂಚಿದೆ: 'ಗುರುವಾರ ಸಂಜೆ ನಾಲ್ಕಕ್ಕೆ ನಮ್ಮ ಮನೆಯಿಂದ ಚೀರಾಟ ಕೇಳಿಬಂದರೆ ಗಾಬರಿ ಬೇಡ, ಇದು ಅಣಕು; ನಮ್ಮ ಮನೆಯವರಿಗೆ ಹೇಳಬೇಡಿ.' ಠಾಣೆಗೂ ಪತ್ರ ಬರೆದೆ: 'ಮನೆಯವರು ಗಾಬರಿಯಾಗಿ ನಿಮಗೆ ಫೋನ್ ಮಾಡಬಹುದು, ಬೆಂಕಿ ನಿಜವೆಂದು ಅತ್ತು ಹೇಳಬಹುದು, ದಯವಿಟ್ಟು ನಂಬಬೇಡಿ.' ಒಂದು ರಂಧ್ರವನ್ನೂ ಬಿಡದಂತೆ ಮುಚ್ಚಿದ್ದೆ. ಆ ರಂಧ್ರಗಳೆಲ್ಲ ನನಗೇ ಬೇಕಾಗುತ್ತವೆಂದು ಯಾರಿಗೆ ಗೊತ್ತಿತ್ತು!

ಗುರುವಾರ. ನಾಲ್ಕು ಗಂಟೆ. ಬಚ್ಚಲುಮನೆಯ ಹೊಸ್ತಿಲಲ್ಲಿ ನಿಂತು, ಹೊಟ್ಟೆಯ ತಳದಿಂದ ಗಾಳಿ ಎಳೆದು ಕೂಗಿದೆ:

"ಬೆಂಕಿ! ಬೆಂಕಿ! ಓಡಿ!"

ನನ್ನ ಕೂಗಿಗೆ ನಾನೇ ಬೆಚ್ಚಿದೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ನಲ್ಲಿಯನ್ನು ಪೂರ್ತಿ ತಿರುಗಿಸಿ ದೊಡ್ಡ ಬಿಳಿ ಟವೆಲ್ಲನ್ನು ನೆನೆಸಿದೆ. ನೀರಿನ ಭೋರಾಟದಲ್ಲಿ ಹೊರಗಿನ ಸದ್ದೇನೂ ಕೇಳಿಸಲಿಲ್ಲ. ನಲ್ಲಿ ನಿಲ್ಲಿಸಿ, ಟವೆಲ್ಲನ್ನು ಬಾಗಿಲಡಿಯ ಸಂದಿಗೆ ಕಾಲಿನಿಂದ ಒದ್ದು ಒದ್ದು ತುರುಕಿದೆ. ನಮ್ಮ ಬಚ್ಚಲಿನ ಬಾಗಿಲು ಒಳಕ್ಕೆ ತೆರೆಯುವಂಥದ್ದು. ಈ ಸಂಗತಿಯನ್ನು ವಾರ್ತಾಪತ್ರದಲ್ಲಿ ಬರೆಯಲು ನಾನು ಮರೆತಿದ್ದೆ.

ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ನಿಂತು ಕಿಂಡಿಯಿಂದ ಇಣುಕಿದೆ. ಆಹಾ! ಮರದ ಕೆಳಗೆ ನಾಲ್ವರೂ ಇದ್ದರು. ಅಮ್ಮನ ಕಂಕುಳಲ್ಲಿ ದಿಂಬು, ಕೈಯಲ್ಲಿ ರೇಡಿಯೋ. ಮಗಳ ಕೈಯಲ್ಲಿ ಫೋನು, ಚಾರ್ಜರು, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ. ಗಾರ್ಡ್ ಭಾವನ ಕೈಯಲ್ಲಿ ಕಾಫಿ ಫ್ಲಾಸ್ಕು. ಏನನ್ನೂ ಎತ್ತಿಕೊಳ್ಳಬೇಡಿ ಎಂದು ದಪ್ಪ ಅಕ್ಷರದಲ್ಲಿ ಬರೆದ ಪುಟಕ್ಕೆ ಸಿಕ್ಕ ಗೌರವ ಇದು! ಬರಿಗೈಯಲ್ಲಿ ಬಂದವಳು ಹೆಂಡತಿ ಒಬ್ಬಳೇ. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು; ಕಣ್ಣು ಎಲ್ಲೋ ಇತ್ತು.

ಗಾರ್ಡ್ ಭಾವ ಬೆರಳು ಚಾಚಿ ಎಣಿಸಿದರು. "ಒಂದು, ಎರಡು, ಮೂರು, ನನ್ನ ಸೇರಿ ನಾಲ್ಕು. ಸರಿ ಇದೆ."

ಸರಿ ಇದೆ! ನಾನು ಬಕೆಟ್ಟಿನ ಮೇಲೆ ತತ್ತರಿಸಿದೆ. ಅಮ್ಮ ಈಗಲಾದರೂ ಬಾಯಿ ಬಿಟ್ಟಾಳು ಎಂದು ಕಿವಿಗೊಟ್ಟೆ. ಬಿಟ್ಟಳು.

"ಅಯ್ಯೋ, ಒಳಗೇ ಬಿಟ್ಟು ಬಂದ್ನಲ್ಲೋ!"

ಕರುಳು ಕರುಳೇ! ನನ್ನ ಕಣ್ಣು ತುಂಬಿತು.

"ನನ್ನ ಕನ್ನಡಕ!"

ಇನ್ನು ಸುಮ್ಮನಿದ್ದರೆ ನನ್ನನ್ನು ಮರೆತೇಬಿಡುತ್ತಾರೆ ಎನಿಸಿತು. ಬಟ್ಟೆ ಬೀಸುವ ಹೊತ್ತು ಬಂದಿತ್ತು. ಬಿಳಿಯದು ಬಾಗಿಲಡಿ ಸೇರಿತ್ತು. ಗೂಟದಲ್ಲಿ ಉಳಿದದ್ದು ಒಂದೇ, ಹಸಿರು ಟವೆಲ್. ಅದನ್ನೇ ಕಿಂಡಿಯಿಂದ ಹೊರಹಾಕಿ, ಮುಳುಗುವವನಂತೆ ಅತ್ತಿಂದಿತ್ತ ಬೀಸಿದೆ.

ಗಾರ್ಡ್ ಭಾವನ ಬೆನ್ನು ನೆಟ್ಟಗಾಯಿತು. ಮೂವತ್ತಾರು ವರ್ಷದ ಸೇವೆ ಒಮ್ಮೆಗೇ ಅವರ ಮೈಯಲ್ಲಿ ಎಚ್ಚರಗೊಂಡಿತು.

"ಹಸಿರು! ಲೈನ್ ಕ್ಲಿಯರ್! ಭಾವನೋರು ಒಳಗಿಂದ ಸಿಗ್ನಲ್ ಕೊಟ್ರು, ಎಲ್ಲಾ ಮುಗೀತು. ಹೇಗಿದ್ರೂ ಹೊರಟಿದ್ದೀವಿ, ಬೇಕರಿಗೆ ಹೋಗಿಬರೋಣ ನಡೀರಿ!"

"ಏಯ್! ನಿಲ್ಲಿ!" ಎಂದು ನಾನು ಅರಚಿದ್ದಕ್ಕೂ ಅವರು ಸೀಟಿ ಊದಿದ್ದಕ್ಕೂ ಸರಿಹೋಯಿತು. ನನ್ನ ಕುಟುಂಬ ನಿಧಾನವಾಗಿ, ಸಾಲಾಗಿ, ತಿರುವಿನಲ್ಲಿ ಮರೆಯಾಯಿತು. ಕೊನೆಯ ಡಬ್ಬಿ ನನ್ನ ಅಮ್ಮ.

ಆಯಿತು, ನಾಟಕ ಮುಗಿಯಿತು ಎಂದು ಇಳಿದು ಬಾಗಿಲು ಎಳೆದೆ. ಬರಲಿಲ್ಲ. ಟವೆಲ್ಲನ್ನು ಎಳೆದೆ. ಅದರ ಮೂಲೆಯೊಂದು ಹರಿದು ಕೈಗೆ ಬಂತು, ಉಳಿದದ್ದು ಬೆಣೆಯಂತೆ ಕೂತಿತ್ತು. ಫೋನು? ಮಹಡಿಯ ಮೇಜಿನ ಮೇಲಿತ್ತು. ಮನೆಯಲ್ಲಿ ನನ್ನ ಪುಟವನ್ನು ಅಕ್ಷರಶಃ ಪಾಲಿಸಿ, ಏನನ್ನೂ ಎತ್ತಿಕೊಳ್ಳದ ಇನ್ನೊಬ್ಬ ಮಹಾಪುರುಷ ನಾನಲ್ಲವೇ!

ಆಗ ಮೂಗಿಗೆ ಬಡಿಯಿತು ಆ ವಾಸನೆ. ಸುಟ್ಟ ಉಣ್ಣೆಯ ವಾಸನೆ. ಮೊದಲು ನನ್ನ ಕಲ್ಪನಾಶಕ್ತಿಗೆ ನಾನೇ ತಲೆದೂಗಿದೆ. ಬೆಂಕಿ ಎಂದು ಅಷ್ಟು ಚೆನ್ನಾಗಿ ಕೂಗಿದವನಿಗೆ ವಾಸನೆಯೂ ಬಾರದೆ ಇದ್ದೀತೇ! ಆಮೇಲೆ ಬಾಗಿಲ ಮೇಲಿನ ಜಾಲರಿಯಿಂದ ಒಂದು ತೆಳುವಾದ ಹೊಗೆಯ ಎಳೆ, ಸೂಜಿಗೆ ಪೋಣಿಸುವ ದಾರದಂತೆ, ಮೆಲ್ಲಗೆ ಒಳಗೆ ಬಂತು.

ಪಕ್ಕದ್ದು ಹೊಲಿಗೆ ಕೋಣೆ. ಇಸ್ತ್ರಿ ಪೆಟ್ಟಿಗೆ!

ಮತ್ತೆ ಬಕೆಟ್ಟು ಹತ್ತಿದೆ. ಎದುರುಮನೆಯ ಬಾಲ್ಕನಿಯಲ್ಲಿ ದಂತವೈದ್ಯರು ಕುರ್ಚಿ ಹಾಕಿಕೊಂಡು ನಮ್ಮ ಮನೆಯನ್ನೇ ನೋಡುತ್ತಿದ್ದರು.

"ಡಾಕ್ಟ್ರೇ! ಬೆಂಕಿ! ನಿಜವಾದ ಬೆಂಕಿ!"

"ಚೆನ್ನಾಗಿ ಬರ್ತಿದೆ ಸುದ್ದಿ ಸಾರ್! 'ನಿಜವಾದ' ಅನ್ನೋವಾಗ ಇನ್ನೂ ಸ್ವಲ್ಪ ಬಾಯಿ ಅಗಲಿಸಿ!"

"ಹೊಗೆ ಬರ್ತಿದೆ ರೀ!"

"ಹೊಗೆನೂ ಮಾಡ್ಸಿದ್ದೀರಾ? ಭೇಷ್! ಲೇ, ಬಾರೇ, ಬೇಗ ಬಾ, ಈಗ ಹೊಗೆ ಬಿಡ್ತಿದ್ದಾರೆ!" ಎಂದು ಹೆಂಡತಿಯನ್ನೂ ಕರೆದು ಕೂರಿಸಿಕೊಂಡರು.

ಹಸಿರು ಹೋಗು ಎಂದಾದರೆ ಕೆಂಪು ನಿಲ್ಲು ಎಂದಾಗಲೇಬೇಕು. ಬಚ್ಚಲಿನಲ್ಲಿದ್ದ ಕೆಂಪು ವಸ್ತು ಒಂದೇ, ಪ್ಲಾಸ್ಟಿಕ್ ಮಗ್ಗು. ಅದನ್ನು ಕಿಂಡಿಯಿಂದ ಹೊರಗೆ ಚಾಚಿ ಅಲ್ಲಾಡಿಸಿದೆ.

"ನೀರು ಬೇಕಿತ್ತಾ ಸಾರ್?" ದಂತವೈದ್ಯರು ಕೇಳಿದರು.

ಅತ್ತ ಬೇಕರಿಯಲ್ಲಿ ನಡೆದದ್ದನ್ನು ಆಮೇಲೆ ಮಗಳು ಹೇಳಿದಳು. ಬನ್ನು ಬಾಯಿಗಿಡುವಷ್ಟರಲ್ಲಿ ಹೆಂಡತಿ "ಇಸ್ತ್ರಿ!" ಎಂದು ಚೀರಿ ಎದ್ದಳಂತೆ. ಮಗಳು ಓಡುತ್ತಲೇ ಠಾಣೆಗೆ ಫೋನ್ ಮಾಡಿದಳಂತೆ.

"ಅಂಕಲ್, ನಮ್ಮನೇಲಿ ಬೆಂಕಿ!"

"ಗೊತ್ತಮ್ಮ, ನಾಲ್ಕು ಗಂಟೇದು ತಾನೆ?"

"ಅಯ್ಯೋ ಅದಲ್ಲ, ಇದು ನಿಜ!"

"ನಿಜ ಅಂತ ನೀನು ಹೇಳ್ತೀಯ ಅಂತ ನಿಮ್ಮಪ್ಪ ಪತ್ರದಲ್ಲೇ ಬರ್ದಿದ್ದಾರಮ್ಮ. ಈಗ ಅಳ್ತೀಯ ನೋಡು."

ಮಗಳು ನಿಜಕ್ಕೂ ಅತ್ತಳಂತೆ. "ಕರೆಕ್ಟ್!" ಎಂದರಂತೆ ಆ ಕಡೆಯವರು. ಆದರೂ ಅಧಿಕಾರಿಗೆ ಏನೋ ಕಸಿವಿಸಿಯಾಗಿ, ಒಬ್ಬ ಸಿಬ್ಬಂದಿಯನ್ನು ಕರೆದುಕೊಂಡು ಜೀಪು ಹತ್ತಿದ್ದೇ ನನ್ನ ಪುಣ್ಯ.

ಕಿಂಡಿಯಿಂದ ನಾನು ಕಂಡದ್ದು ಇಷ್ಟು: ತಿರುವಿನಲ್ಲಿ ನನ್ನ ಕುಟುಂಬ ಪ್ರತ್ಯಕ್ಷವಾಯಿತು, ಓಡೋಡಿ ಬಂತು, ಗೇಟಿಗೆ ಇಪ್ಪತ್ತು ಹೆಜ್ಜೆ ಇರುವಾಗ ಗಾರ್ಡ್ ಭಾವ ಎರಡೂ ಕೈ ಚಾಚಿ ಎಲ್ಲರನ್ನೂ ತಡೆದರು.

"ನಿಲ್ಲಿ! ಕೆಂಪು ತೋರಿಸ್ತಿದ್ದಾರೆ! ಒಂದು ಹೆಜ್ಜೆ ಮುಂದೆ ಇಡಬಾರದು!"

"ಬಿಡು ಅಣ್ಣಾ!"

"ರೂಲ್ಸು ಕಣೇ!"

"ನಿನ್ನ ರೂಲ್ಸು ನಿನ್ನ ರೈಲಿಗಿಟ್ಕೋ!" ನನ್ನ ಹೆಂಡತಿ ಅವರ ತೋಳಿನಡಿ ನುಸುಳಿ, ಸಿಗ್ನಲ್ ಮುರಿದು, ಒಳಗೆ ನುಗ್ಗಿದಳು. ಮೇನ್ ಸ್ವಿಚ್ ಖಟ್ ಎಂದಿತು. ಆಮೇಲೆ ಅಡುಗೆಮನೆಯ ಕೊಡದ ನೀರು ಸುರಿದ ಸದ್ದು, ಬಿಸಿ ಕಬ್ಬಿಣದ ಚೊಂಯ್, ಕೆಮ್ಮು. ಗಿರಾಕಿಯೊಬ್ಬರ ಹೊಸ ಕೋಟು, ಅದನ್ನು ಹರಡಿದ್ದ ಮೇಜು, ಕಿಟಕಿಯ ಪರದೆ, ಇಷ್ಟು ಹೋಗಿತ್ತು. ಇನ್ನು ಐದು ನಿಮಿಷ ತಡವಾಗಿದ್ದರೆ ಬಟ್ಟೆಯ ರಾಶಿ ಹತ್ತಿಕೊಳ್ಳುತ್ತಿತ್ತು. ರಾಶಿಯ ಬೆನ್ನಿಗೆ ಬಚ್ಚಲಿನ ಗೋಡೆ. ಗೋಡೆಯ ಬೆನ್ನಿಗೆ ನಾನು.

"ರೀ, ನೀವಿನ್ನೂ ಒಳಗೇ ಇದ್ದೀರಾ?" ಅವಳು ಆಚೆಯಿಂದ ಬಾಗಿಲು ಬಡಿದಳು.

"ಎಲ್ಲಿಗೆ ಹೋಗ್ಲಿ!" ಎಂದೆ, ಅಳುವುದೊಂದು ಬಾಕಿ.

ಅಧಿಕಾರಿ ಬಂದು ಬಾಗಿಲು ಒಡೆಸಿದರು. ತಲೆಗೆ ಹಸಿರು ಟವೆಲ್, ಕೈಯಲ್ಲಿ ಕೆಂಪು ಮಗ್ಗು, ಮೈಯೆಲ್ಲ ನೀರು, ಹೀಗೆ ನಾನು ಬೆಳಕಿಗೆ ಬಂದೆ. ಗೇಟಿನವರೆಗೂ ಬಂದಿದ್ದ ದಂತವೈದ್ಯ ದಂಪತಿ ಚಪ್ಪಾಳೆ ತಟ್ಟಿದರು.

"ನನ್ನನ್ನ ಒಳಗೆ ಬಿಟ್ಟು ಬೇಕರಿಗೆ ಹೋದ್ರಲ್ಲ ಭಾವ!"

"ಹಸಿರು ತೋರಿಸಿದ ಮೇಲೆ ನಿಂತ ಗಾಡಿ ನನ್ನ ಸರ್ವೀಸಲ್ಲೇ ಇಲ್ಲ," ಎಂದರು ಗಾರ್ಡ್ ಭಾವ.

ನಾನು ಕುರ್ಚಿಯಲ್ಲಿ ಕುಸಿದೆ. ಉತ್ತರ ಸಿಕ್ಕಿತ್ತು. ಹಿಂದಕ್ಕೆ ಓಡಿಬಂದಿದ್ದರು, ನಿಜ. ಇಸ್ತ್ರಿ ಪೆಟ್ಟಿಗೆಗಾಗಿ!

ಅಧಿಕಾರಿ ಒಂದು ಅಚ್ಚಾದ ನಮೂನೆ ತೆಗೆದು ತುಂಬತೊಡಗಿದರು. "ಕಾರಣ. ಗ್ಯಾಸು, ವಿದ್ಯುತ್ತು, ದೀಪ, ಇತರೆ... ಇಸ್ತ್ರಿ ಪೆಟ್ಟಿಗೆ, ಅಂದ್ರೆ ವಿದ್ಯುತ್ತು."

"ವಿದ್ಯುತ್ತಿನ ತಪ್ಪೇನಿದೆ ಸಾರ್," ಎಂದಳು ಹೆಂಡತಿ ಸುಟ್ಟ ಕೋಟಿನ ತೋಳನ್ನು ಸವರುತ್ತ. "ಇಷ್ಟು ವರ್ಷದಲ್ಲಿ ಒಂದು ದಿನಾನೂ ಸ್ವಿಚ್ಚು ಆರಿಸದೆ ನಾನು ಎದ್ದಿಲ್ಲ."

"ಮತ್ತೆ ಇವತ್ತೇನಾಯ್ತಮ್ಮಾ?"

"ಇವರು ಬೆಂಕಿ ಅಂತ ಕೂಗಿದ ದನಿ ಕೇಳಿ, ಅಣಕು ಅನ್ನೋದೇ ಮರ್ತುಹೋಯ್ತು. ಇಸ್ತ್ರೀನ ಹಾಗೇ ಬಿಟ್ಟು ಮಹಡಿಗೆ ಓಡ್ದೆ, ಇವರ ಮೇಜಿನ ಹತ್ರ. ಬರೆಯೋಕೆ ಕೂತ್ರೆ ಇವರಿಗೆ ಮೈಮೇಲೆ ಜ್ಞಾನ ಇರಲ್ಲ. ಅಲ್ಲಿರ್ಲಿಲ್ಲ. ಮಂಚದ ಕೆಳಗೂ ನೋಡ್ದೆ."

"ಮಂಚದ ಕೆಳಗೆ ಯಾಕೆ?"

"ಇವರ ಧೈರ್ಯ ನನಗೆ ಗೊತ್ತಲ್ಲ ಸಾರ್. ಕೊನೆಗೆ ಹೊರಗೆ ಹೋಗಿ, ಕಿಂಡಿಯಲ್ಲಿ ಆ ಟವೆಲ್ ಅಲ್ಲಾಡೋದು ಕಂಡ ಮೇಲೇ ನನಗೆ ಉಸಿರು ಬಂದದ್ದು."

ಆ ದಿನ ನನಗಾದ ಆಘಾತಗಳಲ್ಲಿ ಇದೇ ದೊಡ್ಡದು. ಹೊಗೆ ಕಂಡಾಗಲೂ ಇಷ್ಟು ಬೆಚ್ಚಿರಲಿಲ್ಲ. ಇಪ್ಪತ್ತೆರಡು ವರ್ಷದ ಪ್ರಶ್ನೆಗೆ ಉತ್ತರ ಮಹಡಿಯ ಮೆಟ್ಟಿಲು ಹತ್ತಿ, ಮಂಚದ ಕೆಳಗೆ ಬಗ್ಗಿ ನನ್ನನ್ನು ಹುಡುಕುತ್ತಿದ್ದಾಗ, ನಾನು ನಲ್ಲಿ ಬಿಟ್ಟುಕೊಂಡು ಟವೆಲ್ ನೆನೆಸುತ್ತಿದ್ದೆ! ತಲೆಯ ಮೇಲಿನ ಹಸಿರು ಟವೆಲ್ಲನ್ನು ತೆಗೆದು, ಮಸಿ ಹತ್ತಿದ ಅವಳ ಕೈಗೆ ಕೊಟ್ಟೆ.

ಅಧಿಕಾರಿ ನನ್ನನ್ನು ನೋಡಿದರು, ಅವಳನ್ನು ನೋಡಿದರು. 'ವಿದ್ಯುತ್' ಎಂಬುದನ್ನು ಹೊಡೆದುಹಾಕಿ, 'ಇತರೆ' ಎಂಬಲ್ಲಿ ಗುರುತು ಹಾಕಿ, ಪಕ್ಕದಲ್ಲಿ ಏನೋ ಬರೆದು ಸಹಿ ಮಾಡಿದರು.

"ರಜೆಯ ವರದಿ ಇದೇ ಸಂಚಿಕೇಲಿ ಬರಬೇಕು, ಸುದ್ದಿ ಸಾರ್. ಒಂದಕ್ಷರ ಬದಲಾಯಿಸ್ಬೇಡಿ."

ಬದಲಾಯಿಸಿಲ್ಲ. ಈ ತಿಂಗಳ ವಾರ್ತಾಪತ್ರ ನಿಮ್ಮ ಮನೆಗೂ ಬಂದಿರಬೇಕು, ಮೂರನೆಯ ಪುಟ ನೋಡಿ. ಕರಡು ತಿದ್ದಿದವನೂ ನಾನೇ. ನಮ್ಮ ವಾರ್ಡಿನಲ್ಲಿ ರಜೆಯ ಅವಧಿಯಲ್ಲಿ ಮನೆಗಳಿಗೆ ಬಿದ್ದ ಬೆಂಕಿಯ ವಿವರ, ಕಾರಣವಾರು. ಗ್ಯಾಸ್: ಇಲ್ಲ. ವಿದ್ಯುತ್: ಇಲ್ಲ. ದೀಪ: ಇಲ್ಲ. ಗಂಡ: ಒಂದು.