ಯೇನಾದಲ್ಲಿ ಸಿಕ್ಕ ಉಳವಪ್ಪ

ಕಳೆದುಹೋದವರನ್ನು ಹುಡುಕಿ ಕೊಡುವುದರಲ್ಲಿ ನನ್ನನ್ನು ಮೀರಿಸುವವನು ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ ಎಂದು ನಾನು ಕಳೆದ ಆಗಸ್ಟಿನಲ್ಲಿ ಘೋಷಿಸಿದೆ. ಘೋಷಣೆ ನಡೆದದ್ದು ಜರ್ಮನಿಯ ಡ್ಯೂಸೆಲ್ಡಾರ್ಫಿನ ನಮ್ಮ ಅಡುಗೆಮನೆಯಲ್ಲಿ. ಸಭಿಕರೆಂದರೆ ನನ್ನ ಹೆಂಡತಿ ಲಾವಣ್ಯಾ ಒಬ್ಬಳೇ. ಅವಳು ಮೈಸೂರಿನವಳು, ಗಟ್ಟಿಯಾಗಿ ನಗುವುದಿಲ್ಲ. "ನಿನ್ನೆಯಿಂದ ಕನ್ನಡಕ ಹುಡುಕ್ತಾ ಇದೀರಲ್ಲ, ಅದು ಸಿಕ್ತಾ?" ಎಂದಷ್ಟೇ ಕೇಳಿದಳು.

ಸಂಗತಿ ಇಷ್ಟು. ಗದಗದ ಕಡೆಯ ನಮ್ಮೂರ ಹೈಸ್ಕೂಲಿನಿಂದ ನಾವು ಹತ್ತನೇ ಇಯತ್ತೆ ಮುಗಿಸಿ ಹೊರಬಿದ್ದು ಇಪ್ಪತ್ತೈದು ವರ್ಷವಾಗಿತ್ತು. ಡಿಸೆಂಬರಿನಲ್ಲಿ ಎಲ್ಲರೂ ಅದೇ ಶಾಲೆಯಲ್ಲಿ ಸೇರಬೇಕೆಂದು ಸಹಪಾಠಿ ಬಾಳಪ್ಪ ಫರ್ಮಾನು ಹೊರಡಿಸಿದ. ಊರಿನಲ್ಲೇ ಉಳಿದು ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಅವನು ಒಂದು ವಾಟ್ಸಾಪ್ ಗುಂಪು ಕಟ್ಟಿ, ಅದರ ಅಡ್ಮಿನ್ ಪಟ್ಟವನ್ನು ನನಗೆ ಕಟ್ಟಿದ. ಫಾರಿನ್‌ನಲ್ಲಿ ಇರುವವನಿಗೆ ಕೆಲಸ ಕಡಿಮೆ ಎಂಬುದು ಅವನ ತಿಳುವಳಿಕೆ. ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ದಿನವಿಡೀ ಬ್ರೇಕಿನ ನಳಿಕೆಗಳನ್ನು ಪರೀಕ್ಷಿಸುವ ನನಗೆ ಇಂಥ ರಾಜಯೋಗ ಮತ್ತೆ ಎಲ್ಲಿ ಬರಬೇಕು? ಬಿಡದೆ ಹಿಡಿದುಕೊಂಡೆ.

ಒಬ್ಬೊಬ್ಬರನ್ನೇ ಎಳೆದು ತಂದೆ. ಶಾಲೆಯಲ್ಲಿ ತುಟಿ ಬಿಚ್ಚದಿದ್ದ ಮಹಾಂತಮ್ಮ ಸಿಕ್ಕಳು. ಸಿಕ್ಕ ದಿನದಿಂದ ಗುಂಪಿನಲ್ಲಿ ಬೇರೆ ಯಾರೂ ಬಾಯಿ ತೆರೆಯದಂತೆ ಮಾಡಿದಳು. ಮಾನಿಟರ್ ಆಗಿದ್ದವನು ಈಗ ಬಸ್ ಕಂಡಕ್ಟರ್. ಅಂದೂ ತಲೆ ಎಣಿಕೆ, ಇಂದೂ ತಲೆ ಎಣಿಕೆ. ಕೊನೆಗೆ ಉಳಿದದ್ದು ಉಳವಪ್ಪ ಅಂಗಡಿ, ನನ್ನ ಪಕ್ಕದಲ್ಲಿ ಕುಳಿತು ನನ್ನ ಗಣಿತವನ್ನು ನೋಡಿ ಬರೆದು, ನಾನು ಪಾಸಾದರೂ ತಾನು ಫೇಲಾದ ಮಹಾನುಭಾವ. ತಂದೆತಾಯಿ ಇಲ್ಲದ ಅವನನ್ನು ಅಕ್ಕ ಗೌರಕ್ಕ ಸಾಕಿದ್ದಳು. ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಅವಳ ಖಾನಾವಳಿ. ಶಾಲೆ ಬಿಟ್ಟ ಕೂಡಲೇ ನಾವೆಲ್ಲ ಅಲ್ಲಿಗೆ ನುಗ್ಗಿ, ಬಿಸಿ ರೊಟ್ಟಿಯನ್ನು ಎಣ್ಣೆ ಖಾರದಲ್ಲಿ ಅದ್ದಿ ತಿಂದು, ಕೈಯನ್ನು ಚಡ್ಡಿಗೆ ಒರೆಸಿಕೊಂಡು ಮನೆಗೆ ಹೋಗುತ್ತಿದ್ದೆವು.

ಉಳವಪ್ಪ ಎಲ್ಲಿದ್ದಾನೆ ಎಂದು ನಾನು ಬಾಳಪ್ಪನನ್ನು ಕೇಳಿದಾಗ ಅವನು, ಅವನ ಸುದ್ದಿ ಬಿಡು, ಪುರುಸೊತ್ತಾಗಿ ಹೇಳುತ್ತೇನೆ ಎಂದ. ನಾನು ಪುರುಸೊತ್ತಿಗಾಗಿ ಕಾಯುವ ಪೈಕಿಯವನಲ್ಲ. ಇವನಿಂದ ಆಗದ್ದು ನನ್ನಿಂದ ಆಗುತ್ತದೆ ಎಂದು ಕಂಪ್ಯೂಟರಿನ ಮುಂದೆ ಕುಳಿತೆ. ಸಂಜೆಯೊಳಗೆ ಸಿಕ್ಕೇಬಿಟ್ಟ. ಡಾಕ್ಟರ್ ಉಳವಪ್ಪ ಅಂಗಡಿ, ಜರ್ಮನಿಯದೇ ಯೇನಾ ಊರಿನಲ್ಲಿ ಮಸೂರಗಳ ಸಂಶೋಧಕ. ಗಣಿತದಲ್ಲಿ ಫೇಲಾದವನು ಡಾಕ್ಟರ್ ಆದದ್ದು ಹೇಗೆ ಎಂದು ಲಾವಣ್ಯಾ ಕೇಳಿದಳು. ಛಲ ಎಂದೆ. ಫೋಟೋದಲ್ಲಿ ಬೋಳು ತಲೆ, ಎದೆಯವರೆಗೆ ಗಡ್ಡ. ಗುರುತು ಹೇಗೆ ಹಿಡಿದಿರಿ ಎಂದಳು. ಕಣ್ಣು ಎಂದೆ. ಫೋಟೋದಲ್ಲಿ ಅವನು ಕಪ್ಪು ಕನ್ನಡಕ ಹಾಕಿದ್ದ.

ನಂಬರು ಸಂಪಾದಿಸಿ ಫೋನು ಮಾಡಿದೆ. "ಲೇ ಉಳವ್ಯಾ, ನಾ ಉದಯಾ ಮಾತಾಡತೀನಿ" ಎಂದೆ. ಆ ಕಡೆಯವನು, "ಯಾವ ಉದಯಾ?" ಎಂದ. ಈ ವಯಸ್ಸಿನಲ್ಲೂ ಚೇಷ್ಟೆ ಬಿಟ್ಟಿಲ್ಲ ಎಂದು ನನಗೆ ಆನಂದವಾಗಿ ಮಾತಿಗೆ ತೊಡಗಿದೆ. ಇಲ್ಲಿನ ಅತಿವೇಗದ ಐಸಿಇ ರೈಲಾದರೂ ನಡುನಡುವೆ ನಿಲ್ಲುತ್ತದೆ, ನಾನು ನಿಲ್ಲುವುದಿಲ್ಲ. ನಾವು ಬಾವಿಗೆ ಹಾರಿದ್ದು, ಮಾಸ್ತರರ ಸೈಕಲ್ಲಿನ ಗಾಳಿ ಬಿಟ್ಟದ್ದು, ಎಲ್ಲವನ್ನೂ ನಾನೇ ಹೇಳಿ ನಾನೇ ನಕ್ಕೆ. ಅವನು ಹೂಂಗುಟ್ಟುತ್ತ ಕೇಳಿದ. ಬರುವ ಶನಿವಾರ ಮನೆಗೆ ಬಾ, ಜೋಳದ ರೊಟ್ಟಿ ಬಡಿದು ಹಾಕುತ್ತೇನೆ ಎಂದಾಗ ಮಾತ್ರ, ಖರೇನ ಬರಲೇನು ಎಂದು ಮೆಲ್ಲಗೆ ಕೇಳಿದ. ಬರದಿದ್ದರೆ ಯೇನಾಕ್ಕೆ ಬಂದು ಒದೆಯುತ್ತೇನೆ ಎಂದೆ. ಬರುತ್ತೇನೆ ಎಂದ.

ಶನಿವಾರ ಹೌಪ್ಟ್‌ಬಾನ್‌ಹೋಫ್ ಎಂಬ ಇಲ್ಲಿನ ಮುಖ್ಯ ರೈಲು ನಿಲ್ದಾಣದಲ್ಲಿ ಅವನು ಇಳಿದ. ಕೈಯಲ್ಲಿ ಹೂವಿನ ಗುಚ್ಛ, ಇಸ್ತ್ರಿ ಮಾಡಿದ ಅಂಗಿ. "ಉದಯ ಅವರ, ನಿಮಗ ಒಂದು ಮಾತು ಹೇಳೂದೈತಿ" ಎಂದು ಶುರು ಮಾಡಿದ. ನನಗೆ 'ಅವರು' ಹಚ್ಚುತ್ತೀಯಾ ಎಂದು ಬೆನ್ನಿಗೆ ಒಂದು ಗುದ್ದಿ, ಅಪ್ಪಿಕೊಂಡು ಸೆಲ್ಫಿ ತೆಗೆದೆ. ಅಲ್ಲೇ ನಿಂತು ಗುಂಪಿಗೆ ಹಾಕಿದೆ: ಉಳವಪ್ಪ ಸಿಕ್ಕ! ಟ್ರಾಮಿನಲ್ಲಿ ಅವನು ಮತ್ತೆ ಬಾಯಿ ತೆರೆದ. ಆಗ ನಾನು ಅವನಿಗೆ ಅವನದೇ ಬಾಲ್ಯದ ಕಥೆ ಹೇಳುತ್ತಿದ್ದುದರಿಂದ ಜಾಗ ಸಿಗಲಿಲ್ಲ. ಅವನು ಹೆಚ್ಚು ಮಾತಾಡದಿರುವುದನ್ನು ಗಮನಿಸಿದ್ದೆ. ಜರ್ಮನಿಯ ಚಳಿಗೆ ಮನುಷ್ಯರು ಹಾಗಾಗುತ್ತಾರೆ ಎಂದುಕೊಂಡೆ.

ರೊಟ್ಟಿಯನ್ನು ನಾನೇ ಬಡಿಯುವುದಾಗಿ ಶಪಥವಾಗಿತ್ತು. ಇಂಡಿಯನ್ ಅಂಗಡಿಯ ಜೋಳದ ಹಿಟ್ಟು ಎಷ್ಟು ಹಳೆಯದೋ, ನನ್ನ ಕೈಯಲ್ಲಿ ಒಂದೂ ದುಂಡಗಾಗಲಿಲ್ಲ. ಒಂದು ಆಸ್ಟ್ರೇಲಿಯಾ ಆಯಿತು, ಇನ್ನೊಂದು ಶ್ರೀಲಂಕಾ ಸಮೇತ ಇಂಡಿಯಾ ಆಯಿತು. ಮೂರನೆಯದು ಹಂಚಿಗೆ ಅಂಟಿಕೊಂಡು ಹೊಗೆಯೆದ್ದು, ಚಾವಣಿಯಲ್ಲಿದ್ದ, ಹೊಗೆ ಕಂಡರೆ ಎಚ್ಚರಿಸುವ ಗಂಟೆ ಇಡೀ ಕಟ್ಟಡಕ್ಕೆ ಕೇಳುವಂತೆ ಕಿರುಚತೊಡಗಿತು. ನಾನು ಕುರ್ಚಿ ಹತ್ತಿ ಟವೆಲ್ ಬೀಸಿದೆ. ಕೆಳಮನೆಯ ಫ್ರೌ ಶ್ನೈಡರ್ ಮೇಲೆ ಬಂದು, ಫೈರ್ ಎಂಜಿನ್ನನ್ನು ಈಗಲೇ ಕರೆಯಲೋ, ನೀವೇ ಕರೆಯುತ್ತೀರೋ ಎಂದು ಕೇಳಿದಳು. ಈ ಗದ್ದಲದಲ್ಲಿ ನಮ್ಮ ಅತಿಥಿ ಮೂರನೆಯ ಸಲ ಏನೋ ಹೇಳುತ್ತಿದ್ದ. ನನಗೆ ಅವನ ಗಡ್ಡ ಅಲ್ಲಾಡುವುದಷ್ಟೇ ಕಂಡಿತು.

ಲಾವಣ್ಯಾ ಕಿಟಕಿಗಳನ್ನೆಲ್ಲ ತೆರೆದು, ಹಂಚಿನ ಹತ್ತಿರದಿಂದ ನನ್ನನ್ನು ಓಡಿಸಿ, ಅನ್ನ ಸಾರು ಮಾಡಿ ಬಡಿಸಿದಳು. ಎಲ್ಲ ಶಾಂತವಾದ ಮೇಲೆ ಅವಳೇ, "ನೀವು ಆಗಿಂದ ಏನೋ ಹೇಳಬೇಕು ಅಂತಿದೀರ, ಹೇಳಿ" ಎಂದಳು. ಅವನು ತಟ್ಟೆಯನ್ನು ಮುಟ್ಟದೆ ಕುಳಿತಿದ್ದ.

"ನಾನು ಸವದತ್ತಿ ಕಡೇಂವ್ರಿ. ನಿಮ್ಮೂರ ಸಾಲ್ಯಾಗ ಕಲತಾಂವ ಅಲ್ಲ. ಫೋನ್ ಬಂದಾಗ ಸ್ವಲ್ಪ ಹೊತ್ತಿಗೇ ಗೊತ್ತಾತ್ರಿ, ಇವರು ಹುಡುಕೋ ಉಳವಪ್ಪ ಬ್ಯಾರೆ ಅಂತ. ಹೇಳಬೇಕಿತ್ತು, ತಪ್ಪಾತು. ಯೇನಾದಾಗ ಎಲ್ಲಾರೂ ನನಗ ಹೆರ್ ಡಾಕ್ಟರ್ ಅಂಗಡಿ ಅಂತಾರ್ರಿ. ಹ್ವಾದ ಯುಗಾದಿಗೆ ಅವ್ವ ತೀರಿದ್ಲು, ನಾ ಮುಟ್ಟೂದ್ರಾಗ ಎಲ್ಲಾ ಮುಗದಿತ್ತು. ಆಮ್ಯಾಲೆ ನನಗ 'ಲೇ' ಅಂತ ಕರದವ್ರು ನೀವ ಒಬ್ರರಿ. ಅದಕ್ಕ ಬಂದ್ಬಿಟ್ಟೆ."

ನಾನು ಲಾವಣ್ಯಾಳ ಮುಖ ನೋಡಿದೆ. ಅವಳು ಸಾರಿನ ಪಾತ್ರೆಯ ಮುಚ್ಚಳವನ್ನೇ ನೋಡುತ್ತಿದ್ದಳು. ಆಗ ನನಗೆ ಸೆಲ್ಫಿ ನೆನಪಾಯಿತು.

ಫೋನು ತೆರೆದರೆ ಗುಂಪಿನಲ್ಲಿ ದೀಪಾವಳಿ ನಡೆದಿತ್ತು. ಪಟಾಕಿ, ಹೂವು, ಕಣ್ಣೀರಿನ ಮುಖಗಳು. ಗಡ್ಡ ಬಿಟ್ಟರೂ ನಗು ಅದೇ ಎಂದು ಮಹಾಂತಮ್ಮ ಬರೆದಿದ್ದಳು. ಎಲ್ಲದರ ಕೆಳಗೆ ಬಾಳಪ್ಪನ ಒಂದೇ ಸಾಲು: ಗೌರಕ್ಕನ ಕಡೆ ಹೊಂಟೀನಿ.

ಅವನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಬೈಕಿನ ಮೇಲಿದ್ದನೇನೋ. ಮತ್ತೆ ಮಾಡಿದೆ. ಕೊನೆಗೆ ಅವನೇ ಕರೆದು, ಏದುಸಿರು ಬಿಡುತ್ತ, ಅಕ್ಕನಿಗೆ ಹೇಳಿಬಿಟ್ಟೆ ಎಂದ. ನಾನು ಬಾಯಿ ತೆರೆಯುವ ಮೊದಲೇ, ಪುರುಸೊತ್ತಾಗಿ ಹೇಳಬೇಕೆಂದಿದ್ದುದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದ. ಉಳವಪ್ಪ ಶಾಲೆ ಬಿಟ್ಟ ಮೇಲೆ ಗೋವಾದ ಹೋಟೆಲೊಂದಕ್ಕೆ ದುಡಿಯಲು ಹೋಗಿದ್ದ. ಒಂದೆರಡು ವರ್ಷ ಫೋನು ಬರುತ್ತಿತ್ತು, ಆಮೇಲೆ ನಿಂತಿತು. ಗೌರಕ್ಕ ಕೆಲವು ದಿನ ಖಾನಾವಳಿ ಮುಚ್ಚಿ ಹೋಗಿ ಗೋವಾದಲ್ಲಿ ಬೀದಿ ಬೀದಿ ತಿರುಗಿ ಬಂದಳು. ಪೊಲೀಸರ ಹತ್ತಿರ ಹೋದಳು. ಏನೂ ಆಗಲಿಲ್ಲ. ಊರಲ್ಲಿ ಅವಳ ಎದುರು ಆ ಹೆಸರನ್ನೇ ಯಾರೂ ಎತ್ತುತ್ತಿರಲಿಲ್ಲ. ನಾನು ಹುಬ್ಬಳ್ಳಿ, ಪುಣೆ, ಜರ್ಮನಿ ಎಂದು ಓಡಿಕೊಂಡಿದ್ದೆ. ನನಗೆ ಇದಾವುದೂ ಗೊತ್ತಿರಲಿಲ್ಲ.

ಈಗ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಎದ್ದು ಬಂದು ಬೈಕು ಹತ್ತಿದ್ದಾಳೆ, ಅಂಗಡಿಗೆ ಹೋಗಿ ವಿಡಿಯೋ ಕಾಲ್ ಮಾಡುತ್ತೇವೆ ಎಂದು ಬಾಳಪ್ಪ ಹೇಳಿದ. ಅವನಲ್ಲ ಎಂದು ನಾನು ಒದರಿದೆ. ಆದರೆ ಬೈಕು ಶುರುವಾದ ಸದ್ದು ಕೇಳಿತು, ಫೋನು ಕಟ್ಟಾಯಿತು.

ಆಮೇಲೆ ನಾನು ಮಾಡಿದ ಕೆಲಸವನ್ನು ಹೇಳಲು ಇವತ್ತಿಗೂ ಮುಖ ಮೇಲೇಳುವುದಿಲ್ಲ. ಎದುರಿಗಿದ್ದವನ ಕೈ ಹಿಡಿದುಕೊಂಡು, ನೀವೇ ಅವನೆಂದು ಒಂದು ಮಾತು ಆಡಿಬಿಡಿ, ಹುಷಾರಿದ್ದೇನೆ ಅಕ್ಕಾ ಎಂದರೆ ಸಾಕು, ಅವಳ ಜೀವಕ್ಕೆ ತಂಪಾಗುತ್ತದೆ ಎಂದೆ. ಅವನು ಕೈ ಬಿಡಿಸಿಕೊಳ್ಳದೆ ಲಾವಣ್ಯಾಳ ಕಡೆ ನೋಡಿದ. ಲಾವಣ್ಯಾ ಎದ್ದು ನಿಂತಳು.

"ಅವರು ತಮ್ಮನನ್ನ ಎತ್ತಿ ಬೆಳೆಸಿದವರು ರೀ. ಫೋನ್ ತೆಗೀರಿ, ನಿಜ ಹೇಳಿ."

ಫೋನು ಬಡಿದುಕೊಂಡಿತು. ತೆಗೆದೆ. ಪರದೆಯ ತುಂಬ ಮೊದಲು ಒಂದು ಕಿವಿ ಕಂಡಿತು, ಆಮೇಲೆ ಮುಖ. ಕೂದಲು ಬೆಳ್ಳಗಾಗಿತ್ತು. ಕೆನ್ನೆಯ ಮೇಲೆ ಜೋಳದ ಹಿಟ್ಟು. ನಾನು ತಯಾರು ಮಾಡಿಕೊಂಡಿದ್ದ ವಾಕ್ಯಗಳೆಲ್ಲ ಒಂದರ ಮೇಲೊಂದು ಬಿದ್ದು, "ಅಕ್ಕಾ, ಅದು, ಏನಾತಂದ್ರ" ಎನ್ನುವಲ್ಲಿಗೇ ನಿಂತುಹೋದವು. ಅವಳು ನನ್ನನ್ನು ನೋಡಲೇ ಇಲ್ಲ. ನನ್ನ ಪಕ್ಕದಲ್ಲಿದ್ದವನನ್ನು ಬಹಳ ಹೊತ್ತು ನೋಡಿದಳು.

"ಇವ ಅಂವ ಅಲ್ಲೋ ಉದಯಾ" ಎಂದಳು.

ಅಲ್ಲಕ್ಕಾ, ನನ್ನದೇ ತಪ್ಪು ಎಂದೆ. ಅವಳು ತಲೆಯಾಡಿಸಿದಳು. ಆಮೇಲೆ ಅವನಿಗೆ, ನೀ ಯಾರಪಾ ಎಂದು ಕೇಳಿದಳು. ಅವನು ಎದ್ದು ನಿಂತು, ಕೈ ಮುಗಿದು, ನನ್ನ ಹೆಸರೂ ಉಳವಪ್ಪನೇ ರೀ ಅಕ್ಕಾರ ಎಂದ. ಯಾವ ಊರು, ಮನೆಯಲ್ಲಿ ಯಾರಿದ್ದಾರೆ ಎಂದೆಲ್ಲ ಅವಳು ವಿಚಾರಿಸಿದಳು. ಅವ್ವ ಹೋದದ್ದನ್ನು ಅವನು ಹೇಳಿದ. ಬಾಳಪ್ಪ ಎಲ್ಲೋ ಹಿಂದೆ ಮೂಗು ಎಳೆದುಕೊಳ್ಳುವುದು ಕೇಳುತ್ತಿತ್ತು.

"ಉಳವಪ್ಪಾ" ಎಂದಳು ಗೌರಕ್ಕ.

"ಹೇಳ್ರಿ ಅಕ್ಕಾರ."

"ಏನಿಲ್ಲ. ಸುಮ್ಮ ಕರದೆ."

ಅನ್ನ ಆರುತ್ತದೆ, ಉಣ್ಣು ಹೋಗು ಎಂದು ಅವನಿಗೆ ಹೇಳಿ, ಫೋನನ್ನು ಬಾಳಪ್ಪನ ಕೈಗೆ ಕೊಟ್ಟಳು. ಅವಳ ಬೆನ್ನು ಅಂಗಡಿಯ ಬಾಗಿಲು ದಾಟಿ ಹೋಗುವುದು ಕಂಡಿತು. ನಾವು ಮೂವರೂ ಊಟಕ್ಕೆ ಕುಳಿತೆವು. ಅಕ್ಕ ಹೇಳಿದಳೆಂದು ಅವನು ತಟ್ಟೆ ಬರಿದಾಗುವವರೆಗೂ ಉಂಡ. ನಾನು ತಟ್ಟೆ ಸರಿಸಿ ಫೋನು ತೆಗೆದೆ. ಗುಂಪಿನಲ್ಲಿ ಕ್ಷಮೆ ಕೇಳಿ ನಾಲ್ಕು ಸಾಲು ಬರೆದೆ. ಓದದೆಯೇ ಯಾರೋ ಅದಕ್ಕೂ ಪಟಾಕಿ ಹಾರಿಸಿದರು. ಅದೂ ನನಗೆ ಸಲ್ಲಬೇಕಾದದ್ದೇ.

ಡಿಸೆಂಬರ್ ಬಂತು. ಹುಡುಕುವುದರಲ್ಲಿ ಭೂಮಂಡಲಕ್ಕೇ ಒಡೆಯನಾದ ನನಗೆ ಆಫೀಸಿನಲ್ಲಿ ರಜೆ ಸಿಗಲಿಲ್ಲ. ಸ್ನೇಹಕೂಟದ ದಿನ ಕಾರು ನಿಲ್ಲಿಸುವ ಜಾಗಕ್ಕೆ ಇಳಿದು ಹೋಗಿ, ಕಾರಿನೊಳಗೆ ಕುಳಿತು ವಿಡಿಯೋ ಕಾಲ್‌ಗೆ ಸೇರಿಕೊಂಡೆ. ಶಾಲೆಯ ಅಂಗಳದಲ್ಲಿ ಪೆಂಡಾಲು. ಎಲ್ಲರ ನಡುವೆ ಎದೆಯವರೆಗಿನ ಗಡ್ಡವೊಂದು ಪಲ್ಲೆ ಬಡಿಸುತ್ತ ಓಡಾಡುತ್ತಿತ್ತು. ಡಾಕ್ಟರ್ ಉಳವಪ್ಪ ಅಂಗಡಿ! ನನ್ನ ಮನೆಯ ಊಟದ ಮರುವಾರವೇ ಅವನು ಬಾಳಪ್ಪನಿಂದ ನಂಬರು ಪಡೆದು ಗೌರಕ್ಕನಿಗೆ ಫೋನು ಮಾಡಿದ್ದನಂತೆ. ಆಮೇಲೆ ಪ್ರತಿ ಭಾನುವಾರ ಮಾತು. ರಜೆಗೆ ಊರಿಗೆ ಬಂದವನು ನೇರ ಖಾನಾವಳಿಗೆ ಹೋಗಿ ಇಳಿದಿದ್ದ. ಈಗ ಅವನಿಗೆ ಲೇ ಎನ್ನುವವರು ಒಂದು ಊರು ತುಂಬ ಇದ್ದರು.

ಕೂಟದ ಅಡುಗೆ ಗೌರಕ್ಕನದೇ. ಊಟಕ್ಕೆ ಮೊದಲು ಬಾಳಪ್ಪ ಅವಳನ್ನು ಒತ್ತಾಯ ಮಾಡಿ ಮೈಕಿನ ಮುಂದೆ ನಿಲ್ಲಿಸಿ, ನಮ್ಮ ಉಳವಪ್ಪನ ಬಗ್ಗೆ ಎರಡು ಮಾತು ಹೇಳಕ್ಕಾ ಎಂದ. ಅವಳು ಸೆರಗಿಗೆ ಕೈ ಒರೆಸಿಕೊಂಡಳು.

"ಸಾಲಿ ಬಿಟ್ಟು ಬಂದ ಕೂಡ್ಲೆ ಉದಯಾನ ಸುದ್ದಿ ಹೇಳತಿದ್ದ. ಮಾಸ್ತರು ಪ್ರಶ್ನಿ ಮುಗಸೂದ್ರೊಳಗ ಉದಯಾ ಕೈ ಎತ್ತತಾನಕ್ಕಾ, ಎತ್ತಿದ್ಮ್ಯಾಲೆ ಉತ್ತರಾ ನನಗ ಕೇಳತಾನ, ನಾ ಹೇಳಿದ್ದು ತಪ್ಪಾದ್ರ ಇಬ್ರಿಗೂ ಏಟು ಬೀಳತಾವ ಅಂತಿದ್ದ. ಹೇಳಿ ಹೇಳಿ ನಗತಿದ್ದ."

ಪೆಂಡಾಲೆಲ್ಲ ನಕ್ಕಿತು. ಅವಳೂ ನಕ್ಕಳು. ಅಷ್ಟು ನಕ್ಕು, ರೊಟ್ಟಿ ತಣ್ಣಗಾಗುತ್ತವೆ ಎಂದು ಮೈಕು ಬಿಟ್ಟು ಹೋದಳು.

ಬಾಳಪ್ಪ ಫೋನನ್ನು ಎತ್ತಿ ಹಿಡಿದು, ಅಡ್ಮಿನ್ ಸಾಹೇಬರು ಜರ್ಮನಿಯಿಂದ ಮಾತಾಡುತ್ತಾರೆ ಎಂದು ಸಾರಿದ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆದೆ. ಅವರು ಕಾದರು. ಮಾನಿಟರ್ ಆಗಿದ್ದವನು ಮುಂದೆ ಬಾಗಿ, "ಉದಯಾ, ನೀ ಮ್ಯೂಟ್‌ನ್ಯಾಗ ಇದ್ದೀ ನೋಡು" ಎಂದ.

ನಾನು ಮ್ಯೂಟ್‌ನಲ್ಲಿ ಇರಲಿಲ್ಲ.