ಪಿಂಟ್ಯಾನ ಸೆಕಿ, ನನ್ನ ಮಾನ

ಬ್ಯಾಸಿಗಿ ಬಂತಂದ್ರ ರಾಯಚೂರಿನ ಮಂದಿಗೆ ಬಿಸಿಲಿನ ಚಿಂತಿ, ನನಗ ಮಾನದ ಚಿಂತಿ. ಮನಿಯಾಗ ಪಿಂಟ್ಯಾ ಅಂತ ಒಂದು ಸಣ್ಣ ಪೊಮೆರೇನಿಯನ್ ನಾಯಿ ಅದ. ಅದರ ನಾಲಿಗಿ ಹೊರಗ ಬಂದಾಗೆಲ್ಲ ನನ್ನ ತಲಿ ತೆಳಗ ಆಗ್ತದ. ಸಾಲಿ ಟೀಚರ್ ನಾನು, ಓಣ್ಯಾಗ ನಾಕ್ ಮಂದಿ ಮರ್ಯಾದಿ ಕೊಡ್ತಿದ್ರು. ಹೋದ ಬ್ಯಾಸಿಗ್ಯಾಗ ಅದೂ ಹೋತು.

ಕಟಿಂಗ್

ಏಪ್ರಿಲ್ ತಿಂಗಳಾಗ ಪಿಂಟ್ಯಾ ಹಗಲೆಲ್ಲ ತೇಕ್ತಾ ಬಚ್ಚಲದಾಗ ಬಿದ್ದಿರ್ತಿತ್ತು. "ಅಷ್ಟು ಕೂದಲಾ ಹೊತ್ಕೊಂಡ್ರ ಸೆಕಿ ಆಗಲಾರದೇನು?" ಅಂದ್ರು ನಮ್ಮ ಯಜಮಾನ್ರು. ನನಗೂ ಖರೇ ಅನಿಸ್ತು. ಅವರು ತಮ್ಮ ಕಾಯಂ ಕಟಿಂಗ್ ಅಂಗಡಿಗೆ ಎತ್ಕೊಂಡು ಹೋಗಿ ಪೂರಾ ಬೋಳಿಸ್ಕೊಂಡು ಬಂದ್ರು. ಅಂಗಡಿಯವ ಕಡೀಕೆ ಪೌಡರ್ ಸೈತ ಹಚ್ಚಿದ್ದ.

ಮರುದಿನ ಅದರ ಮೈಯೆಲ್ಲ ಕೆಂಪಾಗಿ, ತೇಕೂದು ಇನ್ನೂ ಜಾಸ್ತಿ ಆತು. ದವಾಖಾನಿಗೆ ಒಯ್ದೆ. "ಮೇಡಂ, ಆ ಕೂದಲಽ ಅದಕ್ಕ ಬಿಸಿಲು ತಡೀತಿತ್ರೀ. ಮತ್ತ ಬೆಳಿಯೋತನಕ ಮೈ ಹಸಿ ಇಡ್ರಿ, ತಂಪಿನ್ಯಾಗ ಇಡ್ರಿ, ಅದೊಂದನ್ನಽ ಬಿಟ್ಟು ಎಲ್ಲೂ ಹೋಗಬ್ಯಾಡ್ರಿ. ಇಲ್ಲಂದ್ರ ಇದು ಉಳಿಯೂದಿಲ್ಲ" ಅಂದ್ರು ಡಾಕ್ಟರ್. ಮಕ್ಕಳಿಗೆ ವಿಜ್ಞಾನ ಹೇಳೋಳು ನಾನು. ಭೂಮಿ ಬಾಯಿ ಬಿಟ್ರ ಛಲೋ ಇತ್ತು ಅನಿಸ್ತು.

ಓಣಿಗೆ ಬಂದ್ರ ಎದುರುಮನಿ ಹಿರಿಯಾಕಿ ಬೋಳು ಪಿಂಟ್ಯಾನ್ನ ನೋಡಿ ಕೈಮುಗಿದ್ಳು. "ತಿರುಪತಿಗೆ ಹೋಗಿ ಬಂದ್ರೇನ್ರೀ? ಪ್ರಸಾದ ಎಲ್ಲಿ?"

ಮಾನ್ವಿ ಬಸ್ಸು

ಮಾನ್ವ್ಯಾಗ ನಮ್ಮಕ್ಕನದು ಹಳೇ ಕಲ್ಲಿನ ಮನಿ, ಒಳಗ ತಂಪು. ನಾಕ್ ದಿನ ಅಲ್ಲಿರೂದಂತ ಪಿಂಟ್ಯಾನ್ನ ಹಸಿ ಟಾವೆಲಿನ್ಯಾಗ ಸುತ್ತಿ, ಎದಿಗವಚಿಕೊಂಡು ಬಸ್ ಹತ್ತಿದೆ. ಬಸ್ ತುಂಬಿತ್ತು. ಒಬ್ಬ ಮುದುಕಿ ಎದ್ದು, "ಕೂಸಿನ್ನ ಎತ್ಕೊಂಡು ನಿಂತೀಯಲ್ಲವ್ವ, ಕೂಡು" ಅಂತ ಸೀಟು ಬಿಟ್ಕೊಟ್ಳು.

ಕೂಸಲ್ಲ ಅಂತ ಹೇಳಾಕ ಬಾಯಿ ತೆಗೆದೆ. ಆದ್ರ ಕಾಲು ಸೋತಿದ್ವು, ಕುಂತುಬಿಟ್ಟೆ. ಕುಂತ ಮ್ಯಾಲ ಹೆಂಗ ಹೇಳೂದು? ಆಕಿ ತನ್ನ ಬಾಟ್ಲಿ ನೀರು ಟಾವೆಲಿಗೆ ಹನಿಸಿ, ಸೆರಗಿಲೆ ಗಾಳಿ ಹಾಕ್ತಾ ನಿಂತ್ಳು. ನಾಚಿಕಿಗೆ ನನ್ನ ಮೈ ಬೆವರು ಕಿತ್ತಿತು.

ಅರ್ಧ ದಾರಿ ಆದ ಮ್ಯಾಲ ಆಕಿ ಟಾವೆಲಿನ ಅಂಚು ಎತ್ತಿ, ಮಂಜುಗಣ್ಣಿಲೆ ಒಳಗ ನೋಡಿದ್ಳು. ಅಂಚು ಮೆಲ್ಲಕ ಮುಚ್ಚಿ, ನನ್ನ ತಲಿ ಸವರಿದ್ಳು. "ಚಿಂತಿ ಮಾಡಬ್ಯಾಡವ್ವ. ದೊಡ್ಡವಾದ ಮ್ಯಾಲ ಚಂದ ಆಗ್ತಾನ."

ದೇವದುರ್ಗದ ಪೆಟ್ಟಿಗಿ

ಮೇ ತಿಂಗಳಾಗ ದೇವದುರ್ಗದಾಗ ನಮ್ಮ ಯಜಮಾನ್ರ ಸೋದರಮಾವ ತೀರ್ಕೊಂಡ್ರು. ಸತ್ತವರ ಮನಿಗೆ ನಾಯಿ ಎತ್ಕೊಂಡು ಹೋಗೂದಂದ್ರ ಮಂದಿ ಏನಂದಾರು? ಆದ್ರ ಬಿಟ್ಟು ಹೋದ್ರ ಅದು ಉಳಿಯೂದಿಲ್ಲ. ಒಯ್ದೆ. ಅಲ್ಲಿ ಕರೆಂಟ್ ಇರಲಿಲ್ಲ. ಅವರ ಮಗಳು ದೂರದಿಂದ ಬರೋತನಕ ಹೆಣ ಕೆಡಬಾರ್ದಂತ ತಂದಿದ್ದ ಗಾಜಿನ ಫ್ರೀಜರ್ ಪೆಟ್ಟಿಗಿ ಒಂದಽ ಜನರೇಟರ್ ಮ್ಯಾಲ ನಡೆದಿತ್ತು. ಮಾವನವರ ಹೆಂಡ್ತಿ, ನಮ್ಮ ಅತ್ತಿಯವರು, ಅದರ ಗಾಜಿಗೆ ಕೆನ್ನಿ ಹಚ್ಚಿ ಕುಂತಿದ್ರು.

ನಾನು ಅಳೋರಿಗೆ ಸಮಾಧಾನ ಹೇಳೂದ್ರಾಗ ಪಿಂಟ್ಯಾ ತಪ್ಪಿಸ್ಕೊಂತು. ಹುಡುಕಿದ್ರ, ಪೆಟ್ಟಿಗಿಗೆ ಬೆನ್ನು ಹಚ್ಚಿ ಕಣ್ಣು ಮುಚ್ಚಿ ಮಲಗ್ಯಾದ. ಎಳೆದ್ರ ಬರವಲ್ದು.

"ನೋಡ್ರಿ, ಮೂಕ ಪ್ರಾಣಿಗೆ ಎಂಥಾ ಸಂಕಟ" ಅಂದ್ಳು ಒಬ್ಬಾಕಿ. "ದುಃಖಕ್ಕ ಮೈಮ್ಯಾಲಿನ ಕೂದಲಾ ಸೈತ ಉದುರ್‍ಯಾವ" ಅಂದ್ಳು ಇನ್ನೊಬ್ಬಾಕಿ. ಬಿಸ್ಕೀಟು ಇಟ್ರು, ಸೆಕಿಗೆ ಅದು ಮೂಸಿಯೂ ನೋಡಲಿಲ್ಲ. ಅದಕ್ಕ ಮತ್ತಷ್ಟು ಅತ್ರು. ಯಾರೋ ಅದರ ಕೊರಳಿಗೆ ಹೂವು ಹಾಕಿ ಫೋಟೋ ತೆಗೆದ್ರು. ಪಿಂಟ್ಯಾ ಆ ಮಾವನ್ನ ಬದುಕಿದ್ದಾಗ ಒಮ್ಮಿನೂ ನೋಡಿರಲಿಲ್ಲ. ನಾನು ನೆಲ ನೋಡ್ಕೊಂಡು ನಿಂತೆ.

ಆಮ್ಯಾಲ ಊರ ಹಿರಿಯರೊಬ್ಬರು ಬಂದು, "ಇಷ್ಟು ಪ್ರೀತಿ ಇದ್ದ ನಾಯಿ ಇಲ್ಲೇ ಇರ್ಲೆವ್ವ, ನಿಮ್ಮ ಅತ್ತಿಯವರಿಗೆ ಜೋಡಿ ಆಗ್ತದ" ಅಂದ್ರು. ಎಲ್ಲಾರೂ ಹೂಂ ಅಂದ್ರು. ಸಂಜಿಗೆ ಪೆಟ್ಟಿಗಿ ಹೋದ್ರ ಈ ಸೆಕಿಯಾಗ ಪಿಂಟ್ಯಾ ಸತ್ತಽ ಹೋಗ್ತದ. ಮಾನ ಹೋದ್ರ ಹೋಗ್ಲಿ ಅಂತ ಅತ್ತಿಯವರ ಬಾಜೂ ಕುಂತು, ಕಿವಿಯಾಗ ಹೇಳಿದೆ, "ತಪ್ಪು ತಿಳೀಬ್ಯಾಡ್ರಿ ಅತ್ತಿ. ಅದು ದುಃಖಕ್ಕ ಮಲಗಿಲ್ರೀ, ತಂಪಿಗೆ ಮಲಗ್ಯಾದ."

ಅತ್ತಿಯವರು ಗಾಜಿನಿಂದ ಕೆನ್ನಿ ತೆಗೀಲಿಲ್ಲ. ಒಂದಽ ಕಣ್ಣು ತೆರೆದು ನನ್ನ ನೋಡಿದ್ರು.

"ಗೊತ್ತದ ಬಿಡವ್ವ" ಅಂದ್ರು ಮೆಲ್ಲಕ. "ನಾ ಮುಂಜಾನಿಂದ ಮತ್ಯಾಕ ಕುಂತೀನಿ? ಆ ಕಡಿ ಜಾಗ ಅದ, ನೀನೂ ಬಾ."