ಸಂಕಪ್ಪ ಮಾಸ್ಟ್ರ ಕಾರಿಗೆ ಹಿಂಗಣ್ಣು

ಕೋಡಿಂಬಾಳದ ಡ್ರಾಯಿಂಗ್ ಮಾಸ್ಟ್ರು ಸಂಕಪ್ಪನವರ ಹಳೆಯ ಕಾರನ್ನು ಮುಂಬಯಿಯ ಭಾವ ಹೋದ ಸಲ “ಬಿಸ್ಕತ್ತಿನ ಡಬ್ಬ” ಎಂದಿದ್ದರು. ಹೆಂಡತಿಯ ಅಣ್ಣ; ಎದುರಾಡುವಂತಿಲ್ಲ. ಇವತ್ತು ಸಂಜೆಯ ರೈಲಿಗೆ ಅವರು ಪುನಃ ನೆಟ್ಟಣ ಸ್ಟೇಷನ್ನಿನಲ್ಲಿ ಇಳಿಯುವವರಿದ್ದರು. ಅದಕ್ಕೇ ಮಾಸ್ಟ್ರು ಟಚ್ ಸ್ಕ್ರೀನನ್ನೂ ಹಿಂದಿನದನ್ನು ತೋರಿಸುವ ಕ್ಯಾಮರಾವನ್ನೂ ಆನ್‌ಲೈನಿನಲ್ಲಿ ತರಿಸಿ, ಬೆಳಿಗ್ಗೆಯೇ ಸ್ಕ್ರೂಡ್ರೈವರ್ ಹಿಡಿದು ಕಾರಿನೊಳಗೆ ಕೂತರು.

“ಯೂಟ್ಯೂಬಿನಲ್ಲಿ ಒಬ್ಬ ನಗ್ತಾ ನಗ್ತಾ ಹಾಕ್ತಾನೆ ಮಾರಾಯ್ತಿ. ಅರ್ಧ ಗಂಟೆಯ ಕೆಲಸ.”

“ಅವನಿಗೆ ನನ್ನ ಅಣ್ಣನನ್ನು ಕರ್ಕೊಂಡು ಬರ್ಲಿಕ್ಕೆ ಇರ್ಲಿಲ್ಲ,” ಎಂದಳು ಹೆಂಡತಿ ರಾಜೀವಿ.

ಹಳೆಯ ರೇಡಿಯೋವನ್ನು ಎಳೆದಾಗ ಅದರ ಹಿಂದಿನಿಂದ ಶ್ಯಾವಿಗೆಯಂತೆ ವಯರುಗಳು ಬಂದವು. ಬರುತ್ತಲೇ ಇದ್ದವು. ಟಾರ್ಚ್ ಹಿಡಿದು ಇಣುಕಿದ ಮಾಸ್ಟ್ರು ಬೆರಗಾದರು. ತಮ್ಮ ಪೈಂಟ್ ಪೆಟ್ಟಿಗೆಯಲ್ಲೂ ಇಲ್ಲದ ಬಣ್ಣಗಳು! ಇಷ್ಟು ವರ್ಷ ಇದರ ಎದುರೇ ಕೂತಿದ್ದರೂ ಒಳಗೊಂದು ಊರೇ ಇದೆಯೆಂದು ಅವರಿಗೆ ಗೊತ್ತಿರಲಿಲ್ಲ.

ಪಕ್ಕದ ಮನೆಯ ಸಾಹುಲ್ ಹಮೀದ್ ಹೆಂಡತಿ ಮೈಮೂನಾಳೊಂದಿಗೆ ಓಡಿ ಬಂದ. “ಕೆಂಪಿಗೆ ಕೆಂಪು ಕೊಡಿ ಮಾಸ್ಟ್ರೇ.”

“ಕೆಂಪು ಮೂರು ಉಂಟು ಮಾರಾಯ!”

“ಹಾಗಾದ್ರೆ ಚಂದದ್ದಕ್ಕೆ ಕೊಡಿ.”

ಚಂದದ್ದಕ್ಕೆ ಕೊಟ್ಟರು. ಎಡ ಇಂಡಿಕೇಟರ್ ಹಾಕಿದರೆ ವೈಪರ್ ಓಡಿತು. ಬ್ರೇಕ್ ಒತ್ತಿದರೆ ಹಾರ್ನ್ ಹೊಡೆಯಿತು. ಕಾಲು ತೆಗೆದರೂ ನಿಲ್ಲದೆ, ಕರು ಕಳಕೊಂಡ ಎಮ್ಮೆಯಂತೆ ಅರಚಿತು. ದಾರಿಯಲ್ಲಿ ಹೋಗುವವರೂ ಅಂಗಳಕ್ಕೆ ಬಂದರು. ಮಾಸ್ಟ್ರು ಊಟ ಬಿಟ್ಟು ಬಿಚ್ಚಿದರು, ಕಟ್ಟಿದರು, ಪುನಃ ಬಿಚ್ಚಿದರು.

ಕೊನೆಗೊಮ್ಮೆ ರಿವರ್ಸ್ ಗೇರ್ ಹಾಕಿದಾಗ ಸ್ಕ್ರೀನ್ ಬೆಳಗಿತು. ಅದರೊಳಗೆ, ಕಾರಿನ ಹಿಂದೆ ಮಣ್ಣು ಕೆದಕುತ್ತಿದ್ದ ಕೋಳಿ. ಒಂದೊಂದು ಗರಿಯೂ ಎದ್ದು ಕಾಣುತ್ತಿತ್ತು.

“ಅಲ್ಲಾಹ್, ನನ್ನ ಕೋಳಿ!” ಎಂದಳು ಮೈಮೂನಾ, ಜನ್ಮದಲ್ಲಿ ಮೊದಲ ಸಲ ಕೋಳಿ ಕಂಡವಳಂತೆ.

ಆಮೇಲೆ ಒಬ್ಬೊಬ್ಬರೇ ಕಾರಿನ ಹಿಂದೆ ನಡೆದಾಡಿದರು. ಉಳಿದವರು ಕಿಟಕಿಗೆ ಮುಖವಿಟ್ಟು ನೋಡಿದರು. ರಾಜೀವಿಯೂ ಸೀರೆ ಸರಿಮಾಡಿಕೊಂಡು ಎರಡು ಸಲ ಹೋಗಿಬಂದಳು. ಮಾಸ್ಟ್ರ ಕಣ್ಣು ಒದ್ದೆಯಾಯಿತು. ಇದನ್ನು ಮಾಡಿದ್ದು ತನ್ನದೇ ಕೈ!

ಅಷ್ಟರಲ್ಲಿ ಸ್ಕ್ರೀನಿನ ತುಂಬ ಒಂದು ಮುಖ ಬಂತು. ಬೆವರಿಳಿಯುವ, ಹುಬ್ಬು ಗಂಟಿಕ್ಕಿದ ಮುಖ.

“ಇದು ಯಾರು? ನಮ್ಮ ಊರಿನವರಲ್ಲ,” ಎಂದ ಹಮೀದ್.

ಮಾಸ್ಟ್ರು ಗಡಿಯಾರ ನೋಡಿದರು. ರೈಲು ಬಂದು ಹೋಗಿತ್ತು. ಕಾದು ಸಾಕಾದ ಭಾವ ರಿಕ್ಷಾ ಮಾಡಿಕೊಂಡು ಬಂದು ಕಾರಿನ ಹಿಂದೆಯೇ ನಿಂತಿದ್ದರು.

“ಭಾವ, ಬೇಸರ ಮಾಡ್ಬೇಡಿ, ಇದೊಂದು ಸ್ವಲ್ಪ...”

ಬೈಯಲೆಂದೇ ಮುಂದೆ ಬಂದ ಭಾವನಿಗೆ, ಕಾರಿನ ಹಿಂದೆ ಬಿಟ್ಟುಬಂದ ತನ್ನ ಸೂಟ್‌ಕೇಸು ಸ್ಕ್ರೀನಿನೊಳಗೆ ಕಾಣಿಸಿತು. ತೆರೆದ ಬಾಯಿ ಹಾಗೆಯೇ ಉಳಿಯಿತು.

“ನೀವೇ ಹಾಕಿದ್ದಾ? ಅಬ್ಬ! ನಿಮ್ಮ ಕೈಗೆ ನಮಸ್ಕಾರ ಮಾರಾಯ್ರೆ!”

ಮಾಸ್ಟ್ರು ಉಬ್ಬಿಹೋದರು. ಡಬ್ಬ ಎಂದ ಬಾಯಿಯಿಂದಲೇ ಈ ಮಾತು!

“ಹಿಂದೆ ಎಂತ ಉಂಟು ಅಂತ ಕಾಣುದಿಲ್ಲ ಎಂಬ ಹೆದರಿಕೆಗೇ ನಾನು ಇಷ್ಟು ವರ್ಷ ಡ್ರೈವಿಂಗ್ ಕಲಿಯದ್ದು,” ಎನ್ನುತ್ತಾ ಭಾವ ಡ್ರೈವರ್ ಸೀಟಿಗೇ ಹತ್ತಿ ಕೂತರು. “ನಾಡಿದ್ದಿನ ವಾಪಸ್ ಟಿಕೇಟು ಕ್ಯಾನ್ಸಲ್. ಕಲಿತೇ ಹೋಗುದು. ಇದೇ ಕಾರು, ನೀವೇ ಗುರುಗಳು.”

ನೆರೆದವರೆಲ್ಲ ಚಪ್ಪಾಳೆ ತಟ್ಟಿದರು. ಭಾವ ಬಗ್ಗಿ ಕಾಲಬುಡವನ್ನು ನೋಡಿ ಕೇಳಿದರು: “ಇದರಲ್ಲಿ ಬ್ರೇಕ್ ಯಾವುದು?”